ಮಾಸ್ಕ್ ಹೊಲಿಯೋಕೆ ಕೂತೆ, ಮಷಿನ್ ಕೆಳಗೆ ದಾರ ಗೂಡು ಕಟ್ತಿದೆ. ಯಾರಾದ್ರೂ ದಾರಿ ತೋರಿಸಿ

ಸೂಜಿಮಲ್ಲಿಗೆ (ಮೈಸೂರು)
19 ಏಪ್ರಿಲ್ 2020

ನಮಸ್ಕಾರ ಎಲ್ಲರಿಗೂ. ನಮ್ಮತ್ತೆ ಕಾಲದ ಉಷಾ ಮಷಿನ್, ಕಾಲಲ್ಲಿ ತುಳಿಯೋದು. ಹತ್ತು ವರ್ಷದಿಂದ ಅದರ ಮೇಲೆ ಇಸ್ತ್ರಿಗೆ ಹೋಗೋ ಬಟ್ಟೆ ರಾಶಿ ಬಿಟ್ರೆ ಬೇರೇನೂ ಇಟ್ಟಿಲ್ಲ. ಲಾಕ್‌ಡೌನ್ ಮೇ 3ರ ತನಕ ಹೋಯ್ತಲ್ಲ, ಮನೇಲಿರೋ ಐದು ಜನಕ್ಕೆ ಮಾಸ್ಕ್ ಆದ್ರೂ ಹೊಲಿಯೋಣ ಅಂತ ರಾಶಿ ಇಳಿಸಿ, ಧೂಳು ಹೊಡೆದು, ಎಣ್ಣೆ ಬಿಟ್ಟು ಕೂತೆ.

ಮೇಲಿಂದ ನೋಡಿದ್ರೆ ಹೊಲಿಗೆ ಚೆನ್ನಾಗೇ ಇದೆ. ಬಟ್ಟೆ ತಿರುಗಿಸಿದ್ರೆ ಕೆಳಗೆ ಗುಬ್ಬಚ್ಚಿ ಗೂಡು. ಎಳೆದ್ರೆ ಬರಲ್ಲ, ಕತ್ತರಿನೇ ಹಾಕಬೇಕು. ಬಾಬಿನ್ ಕೇಸ್ (ಕೆಳಗಿನ ದಾರದ ಉರುಳೆ ಕೂರೋ ಡಬ್ಬಿ) ಮೂರು ಸಲ ಬಿಚ್ಚಿ ಅದರ ಪುಟ್ಟ ಸ್ಕ್ರೂ ಬಿಗಿ ಮಾಡಿದೆ, ಸಡಿಲ ಮಾಡಿದೆ, ಏನೂ ಆಗ್ಲಿಲ್ಲ. ರಿಪೇರಿಯವರಿಗೆ ಫೋನ್ ಮಾಡಿದ್ರೆ "ಪಾಸ್ ಇಲ್ಲ ಮೇಡಂ, ಪೊಲೀಸ್ ಲಾಠಿ ಬೀಸ್ತಾರೆ" ಅಂದ್ರು. ಇಲಾಸ್ಟಿಕ್ಕೂ ಇಲ್ಲ. ಏನ್ ಮಾಡ್ಲಿ?

ಟೈಲರ್_ಅಣ್ಣ (ತುಮಕೂರು)
19 ಏಪ್ರಿಲ್ 2020

ಅಕ್ಕ, ಬಾಬಿನ್ ಮುಟ್ಟಬೇಡಿ. ಕೆಳಗೆ ಗೂಡು ಕಟ್ಟಿದ್ರೆ ತಪ್ಪು ಹೆಚ್ಚಾಗಿ ಮೇಲಿನ ದಾರದ್ದು. ಹೊಸಬರೆಲ್ಲ ಕೆಳಗೆ ಕಂಡದ್ದಕ್ಕೆ ಕೆಳಗೇ ರಿಪೇರಿ ಮಾಡೋಕೆ ಹೋಗ್ತಾರೆ.

ಮೊದಲು ಮೇಲಿನ ದಾರ ಪೂರ್ತಿ ತೆಗೆದುಬಿಡಿ. ಬಟ್ಟೆ ಒತ್ತೋ ಪಾದ ಮೇಲಕ್ಕೆ ಎತ್ತಿ. ಎತ್ತಿದಾಗ ಮಾತ್ರ ದಾರ ಬಿಗಿ ಹಿಡಿಯೋ ಟೆನ್ಷನ್ ತಟ್ಟೆ ಎರಡೂ ಬಾಯಿ ಬಿಡ್ತವೆ, ಆಗ ದಾರ ಅವುಗಳ ನಡುವೆ ಕೂರುತ್ತೆ. ಪಾದ ಇಳಿಸಿಕೊಂಡು ದಾರ ಹಾಕಿದ್ರೆ ಅದು ತಟ್ಟೆ ಮೇಲೆ ಸವಾರಿ ಮಾಡುತ್ತೆ, ಬಿಗಿ ಸಿಗಲ್ಲ, ಹೆಚ್ಚಾದ ದಾರ ಎಲ್ಲ ಕೆಳಗೆ ಗೂಡು. ಹೊಲಿಯೋವಾಗ ಪಾದ ಇಳಿಸೋದು ಮರೀಬೇಡಿ. ನಗಬೇಡಿ, ನಾನೂ ಮರೆತಿದ್ದೀನಿ.

ಸ್ಕ್ರೂ ಎಷ್ಟು ತಿರುಗಿಸಿದ್ರಿ? ಬಾಬಿನ್ ಕೇಸನ್ನ ದಾರದ ತುದಿ ಹಿಡಿದು ನೇತು ಹಾಕಿ. ಸುಮ್ಮನೆ ಹಿಡಿದ್ರೆ ಜಾರಬಾರದು, ಕೈ ಸ್ವಲ್ಪ ಜಗ್ಗಿದ್ರೆ ಒಂದೆರಡು ಇಂಚು ಇಳಿದು ನಿಲ್ಲಬೇಕು. ಅಷ್ಟಾದ್ರೆ ಸಾಕು.

ಸೂಜಿಮಲ್ಲಿಗೆ (ಮೈಸೂರು)
19 ಏಪ್ರಿಲ್ 2020

ಅಣ್ಣಾ!!! ಆಯ್ತು!!! ಪಾದ ಇಳಿಸಿಕೊಂಡೇ ದಾರ ಹಾಕ್ತಿದ್ದೆ. ಎರಡು ದಿನ ಹಾಳು ಮಾಡ್ಕೊಂಡೆ. ನಿಮ್ಮ ಹೊಟ್ಟೆ ತಣ್ಣಗಿರ್ಲಿ.

ಕಡಲಕರೆ (ಮಂಗಳೂರು)
19 ಏಪ್ರಿಲ್ 2020

ಇಲಾಸ್ಟಿಕ್‌ಗೆ ಎಂತ ತಲೆಬಿಸಿ ಮಾರಾಯ್ರೆ. ಹಳೆ ಟೀ ಶರ್ಟ್ ಉಂಟಲ್ಲ? ಅಡ್ಡಕ್ಕೆ ಒಂದಿಂಚು ಪಟ್ಟಿ ಕತ್ತರಿಸಿ, ಎರಡೂ ತುದಿ ಹಿಡಿದು ಜೋರಾಗಿ ಎಳೀರಿ. ತಾನಾಗಿ ಸುರುಳಿ ಸುತ್ತಿ ದಾರದ ಹಾಗೆ ಆಗ್ತದೆ. ಕಿವಿಗೆ ನೋವೂ ಇಲ್ಲ. ಉದ್ದಕ್ಕೆ ಕತ್ತರಿಸಿದರೆ ಹಿಗ್ಗುವುದಿಲ್ಲ, ಅಡ್ಡಕ್ಕೇ ಆಗಬೇಕು. ನಾನು ಗಂಡನ ಮೂರು ಬನಿಯನ್ ಮುಗಿಸಿದೆ, ಅವರಿಗೆ ಇನ್ನೂ ಗೊತ್ತಾಗ್ಲಿಲ್ಲ.

ಮಳೆಬಿಲ್ಲು_22
19 ಏಪ್ರಿಲ್ 2020

ಪೈಜಾಮದ ಲಾಡಿ ಹಾಕಿ ತಲೆ ಹಿಂದೆ ಕಟ್ಟೋದೇ ವಾಸಿ. ದಿನವಿಡೀ ಕಿವಿಗೆ ನೇತು ಹಾಕ್ಕೊಂಡ್ರೆ ಕಿವಿ ಹಿಂದೆ ಗಾಯ ಆಗುತ್ತೆ.

ಜರ್ಸಿ_ಗೌಡ (ಎಡಿಸನ್)
20 ಏಪ್ರಿಲ್ 2020

ನಿಮ್ಮಲ್ಲಿ ಮಾತ್ರ ಅಂದ್ಕೋಬೇಡಿ. ಏಪ್ರಿಲ್ 3ಕ್ಕೆ ಇಲ್ಲಿ ಅಮೆರಿಕದಲ್ಲಿ ಸಿಡಿಸಿಯವರು (ಸರ್ಕಾರದ ಆರೋಗ್ಯ ಸಂಸ್ಥೆ) ಬಟ್ಟೆ ಮುಖಗವಸು ಹಾಕಿ ಅಂದಿದ್ದೇ ತಡ, ಇಲಾಸ್ಟಿಕ್ ಮಂಗಮಾಯ. ಹೊಲಿಗೆ ಮಷಿನ್ ಆರ್ಡರ್ ಮಾಡೋಕೆ ಹೋದ್ರೆ ಸ್ಟಾಕ್ ಇಲ್ಲ. ನಮ್ಮನೆಯವಳು ಜಡೆ ಹಾಕೋ ರಬ್ಬರ್ ಬ್ಯಾಂಡ್ ಹೊಲಿದು ಮಾಸ್ಕ್ ಮಾಡಿದ್ಲು. ಬಟ್ಟೆ ಯಾವುದು ಗೊತ್ತಾ? ಊರಿಂದ ಬರೋವಾಗ ಮಾವ ಕೊಟ್ಟ ಪಂಚೆ. ಆರು ವರ್ಷದಿಂದ ಸೂಟ್‌ಕೇಸಲ್ಲಿತ್ತು.

ನೈಟ್_ಡ್ಯೂಟಿ_ಸಿಸ್ಟರ್
20 ಏಪ್ರಿಲ್ 2020

ಪಂಚೆ ಒಳ್ಳೇ ಆಯ್ಕೆ. ನಾನು ನರ್ಸ್. ಡ್ಯೂಟಿಯಿಂದ ಬಂದು ನಿದ್ದೆಗಣ್ಣಲ್ಲಿ ಬರೀತಿದ್ದೀನಿ, ತಪ್ಪಿದ್ರೆ ಕ್ಷಮಿಸಿ.

ಬಟ್ಟೆನ ಬೆಳಕಿಗೆ ಹಿಡೀರಿ. ಎಳೆಗಳ ನಡುವೆ ಬೆಳಕು ಚುಕ್ಕಿ ಚುಕ್ಕಿ ಕಂಡ್ರೆ ಅದು ಬೇಡ. ಒತ್ತಾಗಿ ನೇಯ್ದ ಕಾಟನ್, ಕನಿಷ್ಠ ಎರಡು ಪದರ, ಮೂರಾದ್ರೆ ಒಳ್ಳೇದು. ಹೊಲಿಯೋ ಮೊದಲು ಬಿಸಿನೀರಲ್ಲಿ ಒಗೆದು ಒಣಗಿಸಿ. ಇಲ್ಲಾಂದ್ರೆ ಮೊದಲನೇ ಒಗೆತಕ್ಕೆ ಕುಗ್ಗಿ ಗಲ್ಲ ಆಚೆ ಬರುತ್ತೆ. ಮೂಗಿನ ಹತ್ತಿರ ಗಾಳಿ ಸೋರದ ಹಾಗೆ ಸಣ್ಣ ತಂತಿ ಇಡಿ. ಕನ್ನಡಕ ಮಂಜಾದ್ರೆ ಸೋರ್ತಿದೆ ಅಂತ ಅರ್ಥ.

ಮುಖ್ಯವಾದ ಮಾತು: ಬಟ್ಟೆ ಮಾಸ್ಕ್ ನಿಮಗೆ, ಮನೆಯವರಿಗೆ. ನಮ್ಮಂಥವರಿಗೆ ಕೊಡೋಕೆ ಹೊಲೀಬೇಡಿ, ವಾರ್ಡಲ್ಲಿ ಅದು ಸಾಲದು. ಅಂಗಡೀಲಿರೋ ಎನ್95 ನೀವು ಕೊಳ್ಳದೇ ಬಿಟ್ರೆ ಅದೇ ನಮಗೆ ಉಪಕಾರ.

ಕೋಡು_ಬರೆಯುವವ (ಬೆಂಗಳೂರು)
21 ಏಪ್ರಿಲ್ 2020

ನಾನು ಗಂಡಸು, ಸಾಫ್ಟ್‌ವೇರ್, ವರ್ಕ್ ಫ್ರಮ್ ಹೋಮ್. ಮೀಟಿಂಗ್‌ನಲ್ಲಿ ಕ್ಯಾಮೆರಾ ಆಫ್ ಮಾಡಿ ಹೊಲಿಗೆ ಕಲಿತೆ. ನನ್ನ ಸಾಧನೆ ಕೇಳಿ.

ಬೀರುವಿನ ಕೆಳಖಾನೇಲಿ ಒಂದು ನಿಂಬೆಹಣ್ಣಿನ ಬಣ್ಣದ ಕಾಟನ್ ಸೀರೆ ಇತ್ತು. ಅಂಚು ಹರಿದಿತ್ತು. ಮೆತ್ತಗೆ, ಒತ್ತಾದ ನೇಯ್ಗೆ, ಸಿಸ್ಟರ್ ಹೇಳಿದ ಹಾಗೇ. 22 ಮಾಸ್ಕ್ ಹೊಲಿದೆ, ಮೂರು ಮಡಿಕೆಯದು. ಸಾಲಾಗಿ ಸೋಫಾ ಮೇಲೆ ಜೋಡಿಸಿ ಅಮ್ಮನ್ನ ಕರೆದೆ. ಅಮ್ಮ ಒಂದು ಎತ್ತಿಕೊಂಡ್ರು, ತಿರುಗಿಸಿದ್ರು, ಅಂಚಿನ ಬುಟ್ಟಾ ಮೇಲೆ ಬೆರಳಾಡಿಸಿದ್ರು. "ಇದು ನಾನು ಫಸ್ಟ್ ಸಂಬಳದಲ್ಲಿ ತಗೊಂಡಿದ್ದು ಕಣೋ" ಅಂದ್ರು. ನಾನು ಸತ್ತೆ.

ಬೈಲಿಲ್ಲ. ಅಳ್ಳಿಲ್ಲ. 22ನ್ನೂ ಎಣಿಸಿ ಒಂದು ಡಬ್ಬಿಗೆ ಹಾಕಿ ಅವರ ರೂಮಿಗೆ ತಗೊಂಡು ಹೋದ್ರು. ಈಗ ದಿನಾ ಒಂದು ಹಾಕ್ಕೊಂಡು ತರಕಾರಿ ಗಾಡಿಗೆ ಹೋಗ್ತಾರೆ. ನಂಗೊಂದು ಕೊಡು ಅಂದ್ರೆ ಕೊಡಲ್ಲ. ನಂಗೆ ಮೆಡಿಕಲ್ ಶಾಪಿನ ನೀಲಿ ಮಾಸ್ಕೇ ಗತಿ.

ಕಡಲಕರೆ (ಮಂಗಳೂರು)
21 ಏಪ್ರಿಲ್ 2020

ಅಯ್ಯೋ ದೇವರೇ 😂 ಅಮ್ಮ ಸರಿಯಾಗೇ ಮಾಡಿದ್ರು.

ಮಳೆಬಿಲ್ಲು_22
21 ಏಪ್ರಿಲ್ 2020

ಸೀರೆ ಮುಟ್ಟೋ ಮೊದಲು ಕೇಳಬೇಕು ಅನ್ನೋದು ಯಾವ ಡಾಕ್ಯುಮೆಂಟೇಷನ್ನಲ್ಲೂ ಇರ್ಲಿಲ್ವಾ ಅಣ್ಣಾ?

ಹೂಬಳ್ಳಿ (ಬೆಳಗಾವಿ)
24 ಏಪ್ರಿಲ್ 2020

ನಂದೊಂದು ಪ್ರಶ್ನೆ ಐತ್ರಿ. ಖಾಲಿ ಮಾಸ್ಕ್ ನೋಡಿ ನೋಡಿ ಬ್ಯಾಸರ ಆಗೇತಿ. ನಮ್ಮ ಕಸೂತಿ ಹಾಕಿ ಚಂದ ಮಾಡೂಣು ಅಂತ ವಿಚಾರ. ಒಂದರ ಮ್ಯಾಲೆ ಸಣ್ಣ ಗೋಪುರ, ಇನ್ನೊಂದಕ್ಕ ತುಳಸಿಕಟ್ಟಿ. ಗೆಳತ್ಯಾರು ಈಗಾಗಲೇ ನಾಕು ಕೇಳ್ಯಾರ, 250 ರೂಪಾಯಿ ಕೊಡ್ತೀವಿ ಅಂತಾರ. ಮಾಸ್ಕ್ ಹೊಲದ ಮ್ಯಾಲೆ ಹಾಕಬೇಕೋ, ಮೊದಲೋ?

ಎಳೆ_ಎಣಿಸುವಾಕಿ (ಧಾರವಾಡ)
24 ಏಪ್ರಿಲ್ 2020

ತುಳಸಿಕಟ್ಟಿ ಬಾಯಿಗೆ ಕಟಗೋತೀರೇನ್ರಿ? ಎಂಜಲ ಆಗಂಗಿಲ್ಲೇನು?

ಸಿಟ್ಟಿಲೆ ಅನ್ನಲಿಕ್ಕತ್ತಿಲ್ಲ, ಖರೇ ಕೇಳಲಿಕ್ಕತ್ತೀನಿ. ಐವತ್ತು ವರ್ಷದಿಂದ ಕಸೂತಿ ಹಾಕಲಿಕ್ಕತ್ತೀನಿ. ಗೋಪುರ, ತೇರು, ತುಳಸಿ ವೃಂದಾವನ, ಇವೆಲ್ಲಾ ಸೀರಿ ಸೆರಗಿಗೆ ಹಾಕೋ ಚಿತ್ರ. ನಮ್ಮ ಕಡೆ ಮದುವಿ ಹುಡುಗಿಗೆ ಕೊಡೋ ಚಂದ್ರಕಾಳಿ ಸೀರಿ, ಕರೀ ಸೀರಿ ಮ್ಯಾಲೆ ಕೆಂಪು, ಬಿಳಿ, ಹಸರು ಎಳಿ, ಅದರಾಗ ಕೂಡೋ ಚಿತ್ರ. ಅದನ್ನ ಕೆಮ್ಮೋ ಬಾಯಿಗೆ ಹಾಕಿ ಬಿಸಿನೀರಾಗ ಕುದಸೂದು ನನ್ನ ಮನಸಿಗೆ ಒಗ್ಗಂಗಿಲ್ಲ.

ಹೂಬಳ್ಳಿ (ಬೆಳಗಾವಿ)
24 ಏಪ್ರಿಲ್ 2020

ಅಜ್ಜಿ, ಸೀರಿ ಸೆರಗಿನ್ಯಾಗ ಮೂಗು ಒರಸ್ಕೋತಾರಲ್ರಿ, ಅದಕ್ಕೇನಂತೀರಿ? 😀

ಎಳೆ_ಎಣಿಸುವಾಕಿ (ಧಾರವಾಡ)
24 ಏಪ್ರಿಲ್ 2020

ಅದು ಒಳಸೆರಗು. ಹೊರಸೆರಗಿನ್ಯಾಗ ಯಾರೂ ಒರಸ್ಕೊಳ್ಳಂಗಿಲ್ಲ.

ನೈಟ್_ಡ್ಯೂಟಿ_ಸಿಸ್ಟರ್
25 ಏಪ್ರಿಲ್ 2020

ಎಂಜಲು ಮಡಿ ನಂಗೊತ್ತಿಲ್ಲ, ತೂತಿನ ಬಗ್ಗೆ ಹೇಳ್ತೀನಿ. ಹೊಲಿದ ಮಾಸ್ಕ್ ಮೇಲೆ ಎಂಬ್ರಾಯ್ಡರಿ ಹಾಕಿದ್ರೆ ಸೂಜಿ ಎಲ್ಲ ಪದರಕ್ಕೂ ಅದೇ ಜಾಗದಲ್ಲಿ ತೂತು ಮಾಡುತ್ತೆ. ಹೊರಗಿನ ಪದರಕ್ಕೆ ಮೊದಲು ಕಸೂತಿ ಹಾಕಿಕೊಳ್ಳಿ, ಆಮೇಲೆ ಒಳಪದರ ಸೇರಿಸಿ. ಮೂಗು ಬಾಯಿ ನಡುವೆ ಬೇಡ, ಕೆನ್ನೆ ಕಡೆ ಮೂಲೇಲಿ ಹಾಕಿ. ಮಣಿ, ಮಿಣುಕು, ಕನ್ನಡಿ ಯಾವುದೂ ಬೇಡ. ಸಂಡೂರು ಲಂಬಾಣಿ ಕೆಲಸ ಎಷ್ಟೇ ಚೆಂದ ಇರ್ಲಿ, ಕನ್ನಡಿ ಮತ್ತು ಕವಡೆ ದಿನಾ ಬಿಸಿನೀರಲ್ಲಿ ಒಗೆಯೋ ವಸ್ತುವಲ್ಲ.

ಹೂಬಳ್ಳಿ (ಬೆಳಗಾವಿ)
25 ಏಪ್ರಿಲ್ 2020

ಆತ್ರಿ ಸಿಸ್ಟರ್. ಅಜ್ಜಿಗೂ ಬ್ಯಾಸರ ಬ್ಯಾಡ, ತುಳಸಿಕಟ್ಟಿ ಕೈಬಿಟ್ಟೆ. ನವಿಲು ಹಾಕಿದ್ರ ನಡೀತೈತ್ರಿ?

ಎಳೆ_ಎಣಿಸುವಾಕಿ (ಧಾರವಾಡ)
25 ಏಪ್ರಿಲ್ 2020

ನವಿಲು ನಡೀತದ. ಗಿಳಿ ಇನ್ನೂ ಛಲೋ, ಬಾಯಿ ಮುಚಗೊಂಡು ಕೂಡಲಿ.

ಮಳೆಬಿಲ್ಲು_22
25 ಏಪ್ರಿಲ್ 2020

ಅಜ್ಜಿ, ನಮಗೂ ಕಲಿಸ್ತೀರಾ? ಮನೇಲಿ ಆಂಕರ್ ದಾರದ ಲಡಿ ಮೂರು ಇದೆ, ಬಟ್ಟೆ ಇದೆ, ಟೈಮಂತೂ ಬೇಕಾದಷ್ಟು ಇದೆ. ಯೂಟ್ಯೂಬ್‌ನಲ್ಲಿ ನೋಡಿದ್ರೆ ಕೈ ಮಾತ್ರ ಕಾಣುತ್ತೆ, ಯಾಕೆ ಹಾಗೆ ಅಂತ ಯಾರೂ ಹೇಳಲ್ಲ.

ಎಳೆ_ಎಣಿಸುವಾಕಿ (ಧಾರವಾಡ)
26 ಏಪ್ರಿಲ್ 2020

ಹೇಳತೀನಿ, ಆದ್ರ ಅವಸರ ಮಾಡಬ್ಯಾಡ್ರಿ. ಮೊಮ್ಮಗಳು ಟೈಪ್ ಮಾಡಲಿಕ್ಕತ್ತಾಳ, ನಾ ಹೇಳಲಿಕ್ಕತ್ತೀನಿ.

ಕಸೂತಿಯೊಳಗ ನಾಕು ಹೊಲಿಗಿ. ಗಾವಂತಿ, ಮುರ್ಗಿ, ನೇಗಿ, ಮೆಂತಿ. ಬಟ್ಟಿ ಮ್ಯಾಲೆ ಪೆನ್ಸಿಲ್ಲಿಲೆ ಚಿತ್ರ ಬರಕೊಳ್ಳೂದಿಲ್ಲ. ಎಳಿ ಎಣಸಬೇಕು. ಅದಕ್ಕ ಮೊದಲ ಸಲ ಸೀರಿಗೆ ಕೈ ಹಚ್ಚಬ್ಯಾಡ್ರಿ, ಸಾಲ್ಯಾಗ ಕೊಡ್ತಿದ್ರಲ್ಲ ಮ್ಯಾಟಿ ಬಟ್ಟಿ, ಚೌಕಳಿ ಚೌಕಳಿ ಕಾಣೂದು, ಅದರ ಮ್ಯಾಲೆ ಕಲೀರಿ. ಲಡಿ ದಾರದಾಗ ಆರು ಎಳಿ ಇರತಾವ, ಎರಡಷ್ಟ ಬಿಡಿಸಿ ತಗೋರಿ.

ಮೊದಲು ಗಾವಂತಿ. ಹೋಗಬೇಕಾದ್ರ ಒಂದು ಮನಿ (ಚೌಕಳಿ) ಮ್ಯಾಲೆ, ಒಂದು ಮನಿ ಕೆಳಗ. ತುದಿ ಮುಟ್ಟಿದ ಮ್ಯಾಲೆ ಬಂದ ದಾರೀಲೆ ಹೊಳ್ಳಿ ಬರ್ರಿ. ಬರಬೇಕಾದ್ರ ಬಿಟ್ಟ ಮನಿ ತುಂಬತಾವ. ಈಗ ಬಟ್ಟಿ ತಿರುವಿ ನೋಡ್ರಿ. ಹಿಂದೂ ಮುಂದೂ ಒಂದ. ಮುರ್ಗಿನೂ ಹಂಗ, ಆದ್ರ ಮೆಟ್ಟಲ ಹತ್ತಿಧಾಂಗ ಅಡ್ಡಡ್ಡ ಹೋಗತದ. ನೇಗಿ ಅಂದ್ರ ನೇಯ್ಧಂಗ, ಬರೇ ಮುಂದ ಹೋಗೋ ಹೊಲಿಗಿ. ಮೆಂತಿ ಒಂದು ಓರಿ ಗೆರಿ ಮ್ಯಾಲೆ ಇನ್ನೊಂದು ಓರಿ ಗೆರಿ ದಾಟಿಸಿ ಹಾಕೂದು, ಮೆಂತಿಕಾಳು ಚೆಲ್ಲಿಧಂಗ ಕಾಣತದ.

ಗಂಟು ಹಾಕಬಾರದು. ಮೊದಲಿಗೆ ನಾಕು ಬೆರಳು ದಾರ ಬಿಟ್ಟು ಶುರು ಮಾಡ್ರಿ, ಕಡೀಕ ಅದನ್ನ ಹೊಲಿಗಿ ಒಳಗ ಸೇರಸಿ ಮುಚ್ರಿ. ದಾರಿ ಮೊದಲ ಯೋಚನಿ ಮಾಡಬೇಕು. ಎಲ್ಲಿ ಹೊಳ್ಳಬೇಕು, ಎಲ್ಲಿ ಕವಲು ಒಡೀಬೇಕು ಅಂತ. ಒಂದು ಎಳಿ ತಪ್ಪಿದ್ರ ಆನಿ ಸೊಂಡಿ ಬಂದು ಬಾಲಕ್ಕ ಕೂಡತದ.

ಮಳೆಬಿಲ್ಲು_22
28 ಏಪ್ರಿಲ್ 2020

ಅಜ್ಜಿ, ಆನೆ ಹಾಕೋಕೆ ಹೋದೆ. ನಾಯಿ ಆಗಿದೆ. ಆದ್ರೆ ಹಿಂದೂ ಮುಂದೂ ಒಂದೇ ನಾಯಿ 🙏

ಕೋಡು_ಬರೆಯುವವ (ಬೆಂಗಳೂರು)
28 ಏಪ್ರಿಲ್ 2020

ಅಜ್ಜಿ ಹೇಳಿದ್ದು ಓದಿ ತಲೆ ತಿರುಗ್ತು. ಒಂದೇ ಗೆರೆ ಮೇಲೆ ಎರಡು ಸಲ, ಯಾವ ಗೆರೆನೂ ಬಿಡದೆ, ಹೊರಟ ಜಾಗಕ್ಕೇ ವಾಪಸ್ ಬರಬೇಕು. ಇದನ್ನ ನಮಗೆ ಕಾಲೇಜಲ್ಲಿ ಗ್ರಾಫ್ ಥಿಯರಿ ಅಂತ ಪಾಠ ಮಾಡಿದ್ರು, ಅರ್ಧ ಕ್ಲಾಸ್ ಫೇಲಾಯ್ತು.

ವ್ಯಾಪಾರಿ_ಗುರು
28 ಏಪ್ರಿಲ್ 2020

ಇಷ್ಟೆಲ್ಲ ಕಷ್ಟ ಯಾಕೆ? ಕಂಪ್ಯೂಟರ್ ಎಂಬ್ರಾಯ್ಡರಿ ಮಷಿನ್‌ಗೆ ಡಿಸೈನ್ ಕೊಟ್ರೆ ಹತ್ತು ನಿಮಿಷದಲ್ಲಿ ಗೋಪುರ ಎದ್ದು ನಿಲ್ಲುತ್ತೆ. ಕೊಳ್ಳೋರಿಗೆ ವ್ಯತ್ಯಾಸ ಗೊತ್ತಾಗಲ್ಲ.

ಹೂಬಳ್ಳಿ (ಬೆಳಗಾವಿ)
28 ಏಪ್ರಿಲ್ 2020

ಬಟ್ಟಿ ತಿರುವಿ ನೋಡಿದ್ರ ಎರಡು ಸೆಕೆಂಡಿನ್ಯಾಗ ಗೊತ್ತಾಕ್ಕೈತ್ರಿ. ಮಷಿನ್ನಿಂದಾದ್ರ ಹಿಂದ ಬ್ಯಾರೆ ದಾರ ಇರತೈತಿ, ಖಡಕ್ ಕಾಗದಾನೂ ಅಂಟಿಸಿರತಾರ. ನಮ್ಮ ಕಸೂತಿಗೆ ಜಿಐ ಟ್ಯಾಗ್ (ಇದು ಈ ನಾಡಿಂದ ಅನ್ನೋ ಸರಕಾರದ ಗುರುತು) ಸುಮ್ನ ಕೊಟ್ಟಾರೇನ್ರಿ? ಮಷಿನ್ದು ಮಾರ್ರಿ, ಬ್ಯಾಡ ಅನ್ನಂಗಿಲ್ಲ. ಕಸೂತಿ ಅಂತ ಹೆಸರು ಹೇಳಿ ಮಾರಬ್ಯಾಡ್ರಿ.

ವ್ಯಾಪಾರಿ_ಗುರು
28 ಏಪ್ರಿಲ್ 2020

ಹೆಸರಲ್ಲಿ ಏನಿದೆ. ಹೊಟ್ಟೆಪಾಡು ಮುಖ್ಯ.

ಎಳೆ_ಎಣಿಸುವಾಕಿ (ಧಾರವಾಡ)
29 ಏಪ್ರಿಲ್ 2020

ಹೊಟ್ಟಿಪಾಡು ಯಾರದು ಅಂತ ನೋಡ್ರಿ ಮೊದಲ. ಒಂದು ಸೀರಿಗೆ ತಿಂಗಳಾನುಗಟ್ಟಲೆ ಕಣ್ಣು ಕಳಕೊಂಡು ಕೂಡೋ ಹೆಣ್ಣಮಗಳದೋ, ಹತ್ತು ನಿಮಿಷದ ಮಷಿನ್ದೋ?

ಟೈಲರ್_ಅಣ್ಣ (ತುಮಕೂರು)
7 ಮೇ 2020

ಹೊಟ್ಟೆಪಾಡಿನ ಮಾತು ಬಂತಲ್ಲ, ನಾನೂ ಒಂದು ಹೇಳ್ತೀನಿ. ಬೇಜಾರು ಮಾಡ್ಕೋಬೇಡಿ ಯಾರೂ.

ನಮಗೆ ವರ್ಷದ ದುಡಿಮೆ ಅಂದ್ರೆ ಏಪ್ರಿಲ್, ಮೇ. ಮದುವೆ ಸೀಸನ್. ಅಂಗಡೀಲಿ ಈಗ 42 ಬ್ಲೌಸ್ ಹ್ಯಾಂಗರಲ್ಲಿ ನೇತಾಡ್ತಿವೆ, ಚೀಟಿ ಸಮೇತ. ಫಾಲ್, ಪಿಕೋ, ಕುಚ್ಚು ಎಲ್ಲ ಮುಗಿದಿದೆ. ಒಬ್ಬರೂ ಬರ್ತಿಲ್ಲ. ಮದುವೆ ಮುಂದಕ್ಕೆ ಹೋಗಿದೆ, ಇಲ್ಲಾ 50 ಜನರಲ್ಲಿ ಮನೆ ಮುಂದೇನೇ ಮುಗಿದಿದೆ. 50 ಜನದ ಮದುವೆಗೆ ಯಾರು ಹೊಸ ಬ್ಲೌಸ್ ಹೊಲಿಸ್ತಾರೆ?

ಸರಿ, ಮಾಸ್ಕ್ ಹೊಲಿಯೋಣ ಅಂತ ಕೂತೆ. ಬಟ್ಟೆ, ದಾರ, ಇಲಾಸ್ಟಿಕ್ ಲೆಕ್ಕ ಹಾಕಿ 20 ರೂಪಾಯಿ ಇಟ್ಟೆ. "ನಮ್ಮ ಲೇಔಟಲ್ಲಿ ಆಂಟಿಯವರು ಫ್ರೀ ಕೊಡ್ತಿದ್ದಾರೆ" ಅಂತಾರೆ. ಆಂಟಿಯವರಿಗೆ ಒಳ್ಳೇ ಮನಸ್ಸಿದೆ, ಅವರನ್ನ ಬೈಯಲ್ಲ. ಆದ್ರೆ ಅದೇ ಜನ ಹೂಬಳ್ಳಿಯವರ ಮಾಸ್ಕಿಗೆ 250 ಕೊಡ್ತಾರೆ. ಚೌಕಾಸಿ ನನ್ನ 20ಕ್ಕೆ.

ನಿನ್ನೆ ಪರಿಹಾರದ ಪ್ಯಾಕೇಜ್ ಬಂತು. ಕ್ಷೌರಿಕರಿಗೆ, ಅಗಸರಿಗೆ, ಆಟೋ ಟ್ಯಾಕ್ಸಿಯವರಿಗೆ ತಲಾ 5000. ನೇಕಾರರಿಗೆ 2000. ಅವರಿಗೆ ಸಿಗಲೇಬೇಕು. ದರ್ಜಿ ಅನ್ನೋ ಪದ ಹುಡುಕಿದೆ, ಸಿಗಲಿಲ್ಲ.

ಸೂಜಿಮಲ್ಲಿಗೆ (ಮೈಸೂರು)
7 ಮೇ 2020

ಅಣ್ಣ, ಓದಿ ಮುಖ ಬಿಸಿ ಆಯ್ತು. ನಮ್ಮ ರಸ್ತೇಲಿ 60 ಮಾಸ್ಕ್ ಫ್ರೀ ಹಂಚಿದ ಆಂಟಿ ನಾನೇ. ನಮ್ಮ ರಸ್ತೆ ತುದೀಲೂ ಒಬ್ಬ ಟೈಲರ್ ಇದ್ದಾರೆ. ಒಂದು ಸಲನೂ ತಲೆಗೆ ಬರ್ಲಿಲ್ಲ.

ವ್ಯಾಪಾರಿ_ಗುರು
7 ಮೇ 2020

ಮಾರುಕಟ್ಟೆ ಇರೋದೇ ಹಾಗೆ ಸರ್. ಡಿಸೈನ್ ಇದ್ರೆ ಬೆಲೆ. ನೀವೂ ಬ್ರ್ಯಾಂಡಿಂಗ್ ಮಾಡಿ.

ಟೈಲರ್_ಅಣ್ಣ (ತುಮಕೂರು)
7 ಮೇ 2020

ಗುರುಗಳೇ, ಬಾಡಿಗೆ ಕಟ್ಟಿ ಆಮೇಲೆ ಬ್ರ್ಯಾಂಡಿಂಗ್ ಮಾಡ್ತೀನಿ.

ಕಾಲರ್_ಲಕ್ಷ್ಮಿ (ಮದ್ದೂರು ಕಡೆ)
8 ಮೇ 2020

ಅಣ್ಣ ಏಳ್ತಿರೋದು ನಿಜ. ನಾನು ಬೆಂಗಳೂರಲ್ಲಿ ಗಾರ್ಮೆಂಟ್ಸ್‌ಗೆ ಹೋಯ್ತಿದ್ದೆ. ಈಗ ಫ್ಯಾಕ್ಟ್ರಿ ಬಂದ್, ಊರಿಗೆ ಬಂದಿವ್ನಿ. ಏಪ್ರಿಲ್ ಸಂಬಳ ಅರ್ಧ ಬಂತು.

ಊರಲ್ಲಿ ಎಲ್ರೂ "ನೀನು ಗಾರ್ಮೆಂಟ್ಸ್‌ನೋಳು, ನಂಗೊಂದು ಜಾಕೀಟು (ಬ್ಲೌಸು) ಒಲ್ಕೊಡು" ಅಂತ ಬತ್ತಾವ್ರೆ. ಏಳೋಕೆ ನಾಚ್ಕೆ ಆಯ್ತದೆ, ನಂಗೆ ಜಾಕೀಟು ಒಲಿಯೋಕೆ ಬರಕಿಲ್ಲ. 11 ವರ್ಷ ನಾನು ಒಲ್ದಿರೋದು ಕಾಲರ್ ಮಾತ್ರ. ಶರ್ಟ್ ಕಾಲರ್. ಗಂಟೆಗಿಷ್ಟು ಅಂತ ಟಾರ್ಗೆಟ್, ತಲೆ ಎತ್ತಂಗಿಲ್ಲ. ನನ್ನ ಪಕ್ಕದೋಳು ಕಫ್, ಅದರಾಚೆಯೋಳು ಜೇಬು. ಒಂದು ಪೂರ್ತಿ ಶರ್ಟು ನಾನು ಒಲ್ದೇ ಇಲ್ಲ. ನನ್ನ ಗಂಡ ಆಕ್ಕೊಂಡಿರೋ ಶರ್ಟಿನ ಕಾಲರ್ ನೋಡುದ್ರೆ ಇದು ಯಾವ ಬ್ಯಾಚಿನ ಕೈ ಅಂತ ಏಳ್ತೀನಿ. ತೋಳು ಎಂಗೆ ಸೇರುಸ್ಬೇಕು ಗೊತ್ತಿಲ್ಲ.

ಮನೇಲಿ ಮಷಿನ್ ಐತೆ. ಕತ್ತರಿಸೋದು ಎಂಗಣ್ಣ?

ಟೈಲರ್_ಅಣ್ಣ (ತುಮಕೂರು)
8 ಮೇ 2020

ಲಕ್ಷ್ಮಕ್ಕ, ಕಾಲರ್ ಹೊಲಿಯೋ ಕೈಗೆ ಜಾಕೀಟು ದೊಡ್ಡ ವಿಷಯ ಅಲ್ಲ. ಹೊಲಿಗೆಯಲ್ಲಿ ಕಷ್ಟದ್ದೇ ಕಾಲರ್. ನಮ್ಮಲ್ಲಿ ಹುಡುಗರಿಗೆ ಅದನ್ನ ಕೊನೇಗೆ ಕಲಿಸ್ತೀವಿ.

ನಿಮಗೆ ಸರಿಯಾಗಿ ಕೂರೋ ಹಳೇ ಜಾಕೀಟು ಒಂದು ತಗೊಂಡು ಹೊಲಿಗೆ ಎಲ್ಲ ಬಿಚ್ಚಿ. ಹರೀಬೇಡಿ, ಬಿಚ್ಚಿ. ಇಸ್ತ್ರಿ ಮಾಡಿ. ಹಿಂಭಾಗ, ಮುಂಭಾಗ, ತೋಳು, ಪಟ್ಟಿ ಬೇರೆ ಬೇರೆ ಆಗುತ್ತೆ. ಪೇಪರ್ ಮೇಲೆ ಇಟ್ಟು ಸುತ್ತ ಗೆರೆ ಎಳೀರಿ. ಹೊಲಿಗೆ ಇದ್ದ ಗೆರೆ ಬೇರೆ, ಬಟ್ಟೆ ಅಂಚಿನ ಗೆರೆ ಬೇರೆ, ಎರಡೂ ಗುರುತು ಮಾಡಿ. ಡಾಟ್ಸ್ (ಮೈ ಆಕಾರಕ್ಕೆ ಹಾಕೋ ಮಡಿಕೆ ಹೊಲಿಗೆ) ಎಲ್ಲಿ ಮುಗಿದಿದೆ ಅಂತ ಚುಕ್ಕಿ ಇಡಿ. ತೋಳಿನ ಮುಂದಿನ ಕಡೆ ಸ್ವಲ್ಪ ಒಳಕ್ಕೆ ಕೊರೆದಿರುತ್ತೆ, ಹಿಂದಿನ ಕಡೆ ಅಷ್ಟಿರಲ್ಲ. ಅದನ್ನ ಅದಲು ಬದಲು ಮಾಡಿದ್ರೆ ಕೈ ಎತ್ತೋಕೆ ಆಗಲ್ಲ. ಮೊದಲನೇದು ಹಳೇ ಪಂಚೆ ಬಟ್ಟೇಲಿ ಹೊಲೀರಿ, ಹಾಳಾದ್ರೂ ಹೋಗ್ಲಿ. ಫೋಟೋ ಹಾಕಿ, ತಪ್ಪು ಹೇಳ್ತೀನಿ.

ಕಾಲರ್_ಲಕ್ಷ್ಮಿ (ಮದ್ದೂರು ಕಡೆ)
13 ಮೇ 2020

ಅಣ್ಣ ಒಲ್ದೆ. ತೋಳು ಅದ್ಲುಬದ್ಲಾಗಿತ್ತು, ನೀವು ಏಳಿದಂಗೇ ಕೈ ಎತ್ತಕಾಗ್ನಿಲ್ಲ 😄 ಬಿಚ್ಚಿ ತಿರುಗ್ಸಿ ಆಕ್ದೆ. ಈಗ ಸರ್ಯಾಗೈತೆ. ಪಕ್ಕದ ಮನೆ ಚಿಕ್ಕಮ್ಮ ಎಲ್ಡು ಪೀಸ್ ಕೊಟ್ಟವ್ರೆ. ಎಷ್ಟು ತಕಳ್ಳಿ?

ಟೈಲರ್_ಅಣ್ಣ (ತುಮಕೂರು)
13 ಮೇ 2020

ನಿಮ್ಮ ಊರ ಟೈಲರ್ ಎಷ್ಟು ತಗೋತಾರೋ ಅಷ್ಟೇ. ಒಂದು ರೂಪಾಯಿ ಕಮ್ಮಿ ಮಾಡಬೇಡಿ.

ಮಳೆಬಿಲ್ಲು_22
14 ಮೇ 2020

ವಿಷಯಾಂತರ: ನಿನ್ನೆ ಸಂಜೆ ಏಳಕ್ಕೆ ಸೂಜಿ ಮುರೀತು, ಪಕ್ಕದ ಮನೆ ಅಜ್ಜಿ ಹತ್ರ ಕೇಳಿದೆ. ದೀಪ ಹಚ್ಚಿದ ಮೇಲೆ ಸೂಜಿ ಕೊಡಲ್ಲ ಅಂದುಬಿಟ್ರು. ಕೊರೊನಾಗೆ ಹೆದರಿದ್ದಾರೆ ಅಂದ್ಕೊಂಡೆ, ಅಲ್ವಂತೆ, ಲಕ್ಷ್ಮಿ ಹೋಗ್ತಾಳಂತೆ.

ಕಡಲಕರೆ (ಮಂಗಳೂರು)
14 ಮೇ 2020

ನಮ್ಮಲ್ಲಿಯೂ ಉಂಟು. ಮೈಮೇಲೆ ಇರುವ ಬಟ್ಟೆ ಹೊಲೀಬಾರದು ಅಂತಲೂ ಉಂಟು. ಅರ್ಜೆಂಟಿಗೆ ಹೊಲಿಯುವುದಾದರೆ ಬಾಯಿಯಲ್ಲಿ ಹುಲ್ಲುಕಡ್ಡಿ ಕಚ್ಚಿಕೊಳ್ಳಬೇಕು. ಈಗ ಮಾಸ್ಕ್ ಹಾಕಿಕೊಂಡು ಎಲ್ಲಿ ಕಚ್ಚುವುದು?

ನೈಟ್_ಡ್ಯೂಟಿ_ಸಿಸ್ಟರ್
14 ಮೇ 2020

ಕರೆಂಟ್ ಇಲ್ಲದ ಕಾಲದಲ್ಲಿ ಕತ್ತಲಲ್ಲಿ ಸೂಜಿ ಕೈ ಬದಲಾಯಿಸಿ ನೆಲಕ್ಕೆ ಬಿದ್ರೆ ಮಗು ಕಾಲಿಗೆ. ಅಜ್ಜಿ ಹೇಳಿದ್ದು ಸರಿ, ಕಾರಣ ಬೇರೆ ಅಷ್ಟೇ.

ಪಡಸಾಲೆ (ಯಲ್ಲಾಪುರ)
17 ಮೇ 2020

ತಡವಾಗಿ ಬಂದೆ. ಇಷ್ಟು ದಿನ ಎಲ್ಲರೂ ಮಾಸ್ಕ್ ಕತ್ತರಿಸಿದಿರಲ್ಲ, ಆ ಚೂರುಗಳನ್ನೆಲ್ಲ ಏನು ಮಾಡಿದಿರಿ? ಎಸೆದಿದ್ದರೆ ಅನ್ಯಾಯ.

ನಮ್ಮ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಸಿದ್ದಿ ಹೆಂಗಸರು ಹೊಲಿಯುವ ಕೌದಿ, ಅಂದರೆ ಚೂರು ಬಟ್ಟೆಯ ಹೊದಿಕೆ, ನೋಡಿದ್ದೀರಾ? ಹಳೇ ಸೀರೆ ಹಾಸಿ ಒಂದು ಮೂಲೆಯಿಂದ ಶುರು ಮಾಡುತ್ತಾರೆ. ತುಂಡು ಬಟ್ಟೆಯ ಅಂಚು ಒಳಕ್ಕೆ ಮಡಚುತ್ತ, ಓಟದ ಹೊಲಿಗೆಯಲ್ಲಿ ಅಂಚಿನಿಂದ ನಡುವಿಗೆ ಸುತ್ತುತ್ತ ಸುತ್ತುತ್ತ ಬರುತ್ತಾರೆ. ಅಳತೆ ಪಟ್ಟಿ ಇಲ್ಲ, ಪೇಪರ್ ಇಲ್ಲ, ಮಷಿನ್ ಇಲ್ಲ. ಕೊನೆಗೆ ನಾಲ್ಕು ಮೂಲೆಗೂ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ಒಂದೊಂದು ಹೂವು. ಅದಿಲ್ಲದೆ ಕೌದಿ ಮುಗಿಯಿತು ಅನ್ನುವುದಿಲ್ಲ.

ನಾನು ಏಪ್ರಿಲ್‌ನಿಂದ ಒಂದಕ್ಕೆ ಕೂತಿದ್ದೇನೆ. ಇನ್ನೂ ಅರ್ಧ ಆಗಿಲ್ಲ. ಬೆರಳಿನ ತುದಿ ಜರಡಿ ಆಗಿದೆ.

ಹೂಬಳ್ಳಿ (ಬೆಳಗಾವಿ)
17 ಮೇ 2020

ನಮ್ಮ ಕಡೆ ಕೌದಿ ಮನಿ ಮನಿಗೆ ಐತ್ರಿ. ಮಾರ್ನವಮಿಗೆ ಎಲ್ಲಾ ಕೌದಿ ಹೊಳಿಗೆ ಹೊತ್ಕೊಂಡು ಹೋಗಿ ಒಗೀತಿದ್ರು. ಹಸಿ ಕೌದಿ ಎತ್ತಾಕ ಇಬ್ಬರು ಬೇಕು. ನಮ್ಮವ್ವ ಒಂದು ಕೌದಿ ತೋರಿಸಿ "ಇದು ನಿನ್ನ ತೊಟ್ಟಲ ಸೀರಿ, ಇದು ನಿಮ್ಮಪ್ಪನ ಧೋತರ, ಇದು ಸತ್ತ ನಿಮ್ಮ ದೊಡ್ಡವ್ವಂದು" ಅಂತ ಬೆರಳು ಇಟ್ಟು ಹೇಳ್ತಾಳ.

ಕೋಡು_ಬರೆಯುವವ (ಬೆಂಗಳೂರು)
17 ಮೇ 2020

ನಿಂಬೆ ಬಣ್ಣದ ಸೀರೆ ಚೂರು ಒಂದು ಕವರ್ ತುಂಬ ಇದೆ. ಅಮ್ಮನಿಗೆ ಈ ಪೋಸ್ಟ್ ತೋರಿಸಿದೆ. "ಕೌದಿ ಹೊಲಿ, ಆಗ ಒಂದು ಮಾಸ್ಕ್ ಕೊಡ್ತೀನಿ" ಅಂದ್ರು. ಪಡಸಾಲೆಯವರೇ, ಸೂಜಿ ಯಾವುದು?

ಪಡಸಾಲೆ (ಯಲ್ಲಾಪುರ)
17 ಮೇ 2020

ಉದ್ದ ಸೂಜಿ, ದಪ್ಪ ದಾರ. ದಬ್ಬಣ ಬೇಡ, ಅದು ಗೋಣಿಚೀಲಕ್ಕೆ. ಮೊದಲು ಮಗು ಮಲಗುವಷ್ಟು ಚಿಕ್ಕದು ಮಾಡಿ.

ನೈಟ್_ಡ್ಯೂಟಿ_ಸಿಸ್ಟರ್
7 ಜೂನ್ 2020

ಮಾಸ್ಕ್ ಹೊಲಿಯೋರಿಗೆ ಒಂದು ಮಾತು. ಮೊನ್ನೆ ಜೂನ್ 5ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಬಟ್ಟೆ ಮಾಸ್ಕ್ ಬಗ್ಗೆ ಹೊಸದಾಗಿ ಹೇಳಿದೆ. ಮೂರು ಪದರ: ಒಳಗೆ ಕಾಟನ್, ಹೊರಗೆ ನೀರು ಹೀರದ ಪಾಲಿಯೆಸ್ಟರ್ ಥರದ್ದು, ನಡುವೆ ಪಾಲಿಪ್ರೊಪಿಲೀನ್ ಪದರ. ಬಟ್ಟೆ ಅಂಗಡಿಯವರು ಕೊಡ್ತಾರಲ್ಲ, ನೇಯದೇ ಒತ್ತಿ ಮಾಡಿದ ಬಟ್ಟೆಯಂಥ ಕೈಚೀಲ, ಅದು ಹೆಚ್ಚಾಗಿ ಇದೇ ಜಾತಿಯದ್ದು. ಅದಕ್ಕೆ ಬಿಸಿ ಇಸ್ತ್ರಿ ತಾಗಿಸಬೇಡಿ, ಕರಗುತ್ತೆ.

ಕಡಲಕರೆ (ಮಂಗಳೂರು)
7 ಜೂನ್ 2020

ಇಸ್ತ್ರಿ ಹಾಕಿ ಆಯ್ತು. ಇಸ್ತ್ರಿಪೆಟ್ಟಿಗೆಗೇ ಮಾಸ್ಕ್ ಬಂತು ಈಗ.

ಟೈಲರ್_ಅಣ್ಣ (ತುಮಕೂರು)
21 ಮೇ 2021

ಒಂದು ವರ್ಷ ಆಯ್ತು ಇಲ್ಲಿ ಬರೆದು. ಮತ್ತೆ ಅಂಗಡಿ ಬಾಗಿಲು ಹಾಕಿದೆ, ಮತ್ತೆ ಮೇ ತಿಂಗಳು. ಈ ಸಲದ ಪ್ಯಾಕೇಜಲ್ಲಿ ದರ್ಜಿ ಅನ್ನೋ ಪದ ಇದೆ, ನೋಡಿದ್ರಾ? 2000. ಕಮ್ಮಿನೋ ಜಾಸ್ತಿನೋ, ಹೆಸರಂತೂ ಬಂತು.

42ರಲ್ಲಿ 39 ಬ್ಲೌಸ್ ಹೋದ್ವು. ಮೂರು ಇನ್ನೂ ನೇತಾಡ್ತಿವೆ. ಒಂದಕ್ಕೆ ಫೋನ್ ಮಾಡಿದ್ರೆ ಅವರ ಮಗಳು ಎತ್ತಿದ್ಲು. ಅಮ್ಮ ಇಲ್ಲ ಅಂದ್ಲು. ಹೊಲಿಗೆ ಕಾಸು ಕೇಳೋಕೆ ಬಾಯಿ ಬರಲಿಲ್ಲ. ಬ್ಲೌಸ್ ಬೇಕಾ ಅಂತಾನೂ ಕೇಳೋಕೆ ಆಗಲಿಲ್ಲ.

ಎಳೆ_ಎಣಿಸುವಾಕಿ (ಧಾರವಾಡ)
21 ಮೇ 2021

ತಮ್ಮಾ, ಹುಡುಗಿಗೆ ಇನ್ನೊಂದು ಸಲ ಫೋನ್ ಮಾಡು. ಅಕೀಗೆ ಬೇಕಾಗಿರತದ.

ಕಾಲರ್_ಲಕ್ಷ್ಮಿ (ಮದ್ದೂರು ಕಡೆ)
22 ಮೇ 2021

ಅಣ್ಣ, ಊನಣ್ಣ, ಮಾಡಿ ಒಂದ್ಸಲ. ನಾನು ಮತ್ತೆ ಫ್ಯಾಕ್ಟ್ರಿಗೆ ಓಗ್ನಿಲ್ಲ. ಮನೆ ಮುಂದೇನೇ ಒಲೀತೀನಿ. ಈಗ ಎಲ್ಡೆಲ್ಡು ಮಾಸ್ಕ್ ಅಂತಾವ್ರಲ್ಲ, ಒಳಗೆ ಆಸ್ಪತ್ರೆದು, ಮ್ಯಾಲೆ ಬಟ್ಟೇದು. ಮ್ಯಾಲಿಂದು ವಸಿ ದೊಡ್ಡದು ಬೇಕು, ಅದಕ್ಕೆ ಅಳತೆ ಬದಲಾಯಿಸ್ದೆ. 20 ರೂಪಾಯಿ. ಒಂದು ರೂಪಾಯಿ ಕಮ್ಮಿ ಮಾಡ್ನಿಲ್ಲ.

ಮಳೆಬಿಲ್ಲು_22
22 ಮೇ 2021

ಕೋಡು ಅಣ್ಣನ ಕೌದಿ ಏನಾಯ್ತು?

ಕೋಡು_ಬರೆಯುವವ (ಬೆಂಗಳೂರು)
22 ಮೇ 2021

ಮೂರು ಮೂಲೆ ಹೂವು ಆಗಿದೆ. ನಾಲ್ಕನೇದು ಅಮ್ಮ ನಾನೇ ಹಾಕ್ತೀನಿ ಅಂದು ಇಟ್ಕೊಂಡಿದ್ದಾರೆ. ಮಾಸ್ಕ್ ಒಂದು ಸಿಕ್ತು, ಒಗೆದು ವಾಪಸ್ ಕೊಡಬೇಕಂತೆ.

ಗುಡ್ಡದಹೂ (ಹೊಸಬಳು)
3 ಜೂನ್ 2021

ಹಾಯ್, ಎಲ್ಲಾ ಓದ್ಲಿಲ್ಲ, ಉದ್ದ ಇದೆ. ತುಮಕೂರಲ್ಲಿ ಈಗ ಇಲಾಸ್ಟಿಕ್ ಎಲ್ಲಿ ಸಿಗುತ್ತೆ? ಮತ್ತೆ ನನ್ನ ಮಷಿನ್ ಕೆಳಗಡೆ ದಾರ ಗುಂಜು ಗುಂಜು ಆಗ್ತಿದೆ, ಬಾಬಿನ್ ಬದಲಾಯಿಸಬೇಕಾ?

ಸೂಜಿಮಲ್ಲಿಗೆ (ಮೈಸೂರು)
3 ಜೂನ್ 2021

ಬಾಬಿನ್ ಮುಟ್ಟಬೇಡಿ!!! ಪಾದ ಎತ್ತಿ ದಾರ ಹಾಕಿ.

ಟೈಲರ್_ಅಣ್ಣ (ತುಮಕೂರು)
3 ಜೂನ್ 2021

ನನ್ನ ಹತ್ರ ಐದು ರೋಲ್ ಇದೆ, ಬೆಳಗ್ಗೆ ತರಕಾರಿಗೆ ಹೊರಟಾಗ ಬಂದು ತಗೊಳ್ಳಿ, ಶಟರ್ ಅರ್ಧ ಎತ್ತಿರ್ತೀನಿ. ಬರೋವಾಗ ಅಳತೆ ಬ್ಲೌಸ್ ಇದ್ರೆ ಒಂದು ತನ್ನಿ.